ಹಾವು, ಹೆಗ್ಗಣ, ಹೆಡ್ಜ್‌ಹಾಗ್

ವಿಡಿಯೊ ಗೇಮುಗಳಲ್ಲಿ ಕೆಲವೇ ಪ್ರಾಣಿಗಳು ಮತ್ತೆ ಮತ್ತೆ ಯಾಕೆ ಬರುತ್ತವೆ? ಸೋನಿಕ್‌ನಿಂದ ಶುರು ಮಾಡೋಣ. 1991ರಲ್ಲಿ ಬಂದ ಮೊದಲ ಸೋನಿಕ್ ಗೇಮಿನಲ್ಲಿ ಸೋನಿಕ್ ನಿಂತಿರುವಾಗ ಅವನ ಕೊಲಿಷನ್ ಬಾಕ್ಸ್ (ನೆಲ, ಗೋಡೆ ತಾಗಿತೇ ಎಂದು ನೋಡಲು ಪ್ರೋಗ್ರಾಂ ಬಳಸುವ ಕಾಣದ ಚೌಕಟ್ಟು) 39 ಪಿಕ್ಸೆಲ್ ಎತ್ತರ, 19 ಪಿಕ್ಸೆಲ್ ಅಗಲ. ಓಡುತ್ತಿರುವಾಗ ಕೆಳಗಿನ ಬಟನ್ ಒತ್ತಿದರೆ ಮೈ ಸುರುಳಿಯಾಗಿ ಚೆಂಡಾಗುತ್ತಾನೆ, ಬಾಕ್ಸ್ 29 ಎತ್ತರ, 15 ಅಗಲಕ್ಕೆ ಕುಗ್ಗುತ್ತದೆ. ಎತ್ತರದಲ್ಲಿ 10 ಪಿಕ್ಸೆಲ್ ಹೋಯಿತು. ಅಳತೆ ನಡುಬಿಂದುವಿನಿಂದ ಶುರುವಾಗುವುದರಿಂದ ಮೇಲೆ ಐದು, ಕೆಳಗೆ ಐದು ಹೋಗುತ್ತವೆ. ಅಷ್ಟಕ್ಕೇ ಬಿಟ್ಟರೆ ಚೆಂಡು ನೆಲದಿಂದ 5 ಪಿಕ್ಸೆಲ್ ಮೇಲೆ ತೇಲುತ್ತದೆ. ಕೆಳಗೆ ನೆಲ ಸಿಗಲಿಲ್ಲ ಎಂದುಕೊಂಡ ಪ್ರೋಗ್ರಾಂ ಅವನನ್ನು ಬೀಳಿಸುತ್ತದೆ, ನೆಲ ಮುಟ್ಟಿದೊಡನೆ ಚೆಂಡು ಬಿಚ್ಚಿಕೊಳ್ಳುತ್ತದೆ, ಬಟನ್ ಇನ್ನೂ ಒತ್ತಿದ್ದರೆ ಮತ್ತೆ ಸುತ್ತಿಕೊಳ್ಳುತ್ತದೆ. ಪರದೆಯ ಮೇಲೆ ಕಾಣುವುದು ಬರೀ ನಡುಕ. ಆದ್ದರಿಂದ ಚೆಂಡಾದ ಅದೇ ಫ್ರೇಮಿನಲ್ಲಿ (ಪರದೆಯ ಚಿತ್ರ ಒಮ್ಮೆ ಬದಲಾಗುವ ಕ್ಷಣ) ಅವನನ್ನು 5 ಪಿಕ್ಸೆಲ್ ಕೆಳಕ್ಕೆ ಇಳಿಸಬೇಕು, ಬಿಚ್ಚಿಕೊಂಡಾಗ 5 ಪಿಕ್ಸೆಲ್ ಮೇಲಕ್ಕೆ ಎತ್ತಬೇಕು.

ಸೋನಿಕ್ ಒಂದು ಹೆಡ್ಜ್‌ಹಾಗ್, ಬೆನ್ನಿನ ತುಂಬ ಮುಳ್ಳಿರುವ ಸಣ್ಣ ಪ್ರಾಣಿ. ಅದು ಈ ಗೇಮಿಗೆ ಬಂದದ್ದೇ ಈ ಚೆಂಡಿನ ದೆಸೆಯಿಂದ. ಯುಜಿ ನಾಕಾ, ನಾವೊಟೊ ಓಶಿಮಾ, ಹಿರೊಕಾಜು ಯಾಸುಹಾರಾ ಇದ್ದ ಜಪಾನಿನ ಸೆಗಾ ಕಂಪನಿಯ ತಂಡದ ಕೈಯಲ್ಲಿ ಮೊದಲಿದ್ದದ್ದು ಒಂದು ಮೊಲ. ಅದು ಉದ್ದ ಕಿವಿಯಿಂದ ವಸ್ತುಗಳನ್ನು ಎತ್ತಿ ಶತ್ರುಗಳ ಮೇಲೆ ಎಸೆಯಬೇಕಿತ್ತು. ಆದರೆ ಎತ್ತಬೇಕಾದರೆ ನಿಲ್ಲಬೇಕು, ನಿಂತರೆ ಓಟದ ರಭಸ ಸತ್ತೇಹೋಗುತ್ತದೆ. ಓಡುತ್ತಲೇ ಹೊಡೆಯಬೇಕೆಂದರೆ ಮೈಯೇ ಆಯುಧವಾಗಬೇಕು. ಸುರುಳಿಯಾಗುವ ಪ್ರಾಣಿಗಳನ್ನು ಹುಡುಕಿದಾಗ ಆರ್ಮಡಿಲೋ, ಹೆಡ್ಜ್‌ಹಾಗ್ ಎರಡೂ ಸಿಕ್ಕವು. ಮುಳ್ಳಿರುವುದನ್ನು ಇಟ್ಟುಕೊಂಡರು.

ಇಳಿಜಾರಿನ ಲೆಕ್ಕವನ್ನೂ ನೋಡಿ. ಇಳಿಜಾರಿನಲ್ಲಿ ಕಾಲಿನ ಮೇಲೆ ಓಡುವಾಗ ಪ್ರತಿ ಫ್ರೇಮಿಗೆ ವೇಗಕ್ಕೆ ಸೇರುವ ಪಾಲು 0.125ರಷ್ಟು, ಅದನ್ನು ಇಳಿಜಾರಿನ ಕೋನದ ಸೈನ್‌ನಿಂದ ಗುಣಿಸುತ್ತಾರೆ. ಚೆಂಡಾಗಿ ಇಳಿಯುವಾಗ ಅದೇ ಅಂಕಿ 0.3125, ಅಂದರೆ ಎರಡೂವರೆ ಪಟ್ಟು. ಚೆಂಡಾಗಿ ಹತ್ತುವಾಗ ಮಾತ್ರ 0.078125. ಸಮನೆಲದಲ್ಲಿ ಕಾಲೋಟದ ಮಿತಿ ಫ್ರೇಮಿಗೆ 6 ಪಿಕ್ಸೆಲ್, ಉರುಳಿ ಇಳಿದರೆ ಅದನ್ನು ಮೀರಿ ಹೋಗಬಹುದು. ಇದನ್ನು ಆಡುವವರಿಗೆ ಯಾರೂ ಹೇಳಿಕೊಡುವುದಿಲ್ಲ. ದಿಬ್ಬದ ತುದಿಯಲ್ಲಿ ಉಂಡೆಯಾದದ್ದು ರಭಸವಾಗಿ ಉರುಳುತ್ತದೆಂದು ಗೋಲಿ ಆಡಿದ ಪ್ರತಿ ಮಗುವಿಗೂ ಗೊತ್ತು. ನಿಜವಾದ ಹೆಡ್ಜ್‌ಹಾಗ್ ಉರುಳಿಕೊಂಡು ಎಲ್ಲಿಗೂ ಹೋಗುವುದಿಲ್ಲ, ಹೆದರಿದಾಗ ಚರ್ಮದ ಕೆಳಗಿನ ಸ್ನಾಯುವನ್ನು ಸಂಚಿಯ ದಾರದ ಹಾಗೆ ಬಿಗಿದು ಸುಮ್ಮನೆ ಮುದುಡಿ ಕೂರುತ್ತದೆ. ಗೇಮಿಗೆ ಬೇಕಾಗಿದ್ದದ್ದು ಆ ಮುದುಡುವಿಕೆ ಮಾತ್ರ. (ಕನ್ನಡದಲ್ಲಿ ಹಲವರು ಸೋನಿಕ್‌ನನ್ನು ಮುಳ್ಳುಹಂದಿ ಅನ್ನುತ್ತಾರೆ. ನಮ್ಮ ಕಾಡಿನ ಮುಳ್ಳುಹಂದಿ ಬೇರೆ, ಅದು ದಂಶಕ. ಅಪಾಯ ಬಂದಾಗ ಅದು ಬೆನ್ನು ತಿರುಗಿಸಿ ಮುಳ್ಳೆಬ್ಬಿಸುತ್ತದೆ, ಉಂಡೆಯಾಗುವುದಿಲ್ಲ. ಅದನ್ನು ನಾಯಕನನ್ನಾಗಿ ಮಾಡಿದ್ದರೆ ಗೇಮೇ ಬೇರೆಯಾಗುತ್ತಿತ್ತು.)

ಗೇಮಿನಲ್ಲಿ ಕೆಲವೇ ಪ್ರಾಣಿಗಳು ಮತ್ತೆ ಮತ್ತೆ ಯಾಕೆ ಬರುತ್ತವೆ ಎಂದು ಕೇಳಿದರೆ, ಮುದ್ದು ಎಂದೋ, ಪುರಾಣ ಕಾಲದಿಂದ ಜೊತೆಗಿವೆ ಎಂದೋ ಉತ್ತರ ಬರುತ್ತದೆ. ಅದರಲ್ಲಿ ಸುಳ್ಳಿಲ್ಲ, ಆದರೆ ಹೆಚ್ಚಿನ ಕಡೆ ನಿಯಮ ಮೊದಲು ಹುಟ್ಟಿದೆ, ಪ್ರಾಣಿ ಆಮೇಲೆ ಬಂದು ಅದರ ಮೇಲೆ ಕೂತಿದೆ. ಯಾವ ಪ್ರಾಣಿಯ ಮೈ ನೋಡಿದೊಡನೆ ನಿಯಮ ತಾನಾಗಿ ಅರ್ಥವಾಗುತ್ತದೋ ಅದು ಉಳಿಯುತ್ತದೆ.

ಹಾವಿನಷ್ಟು ಚೆನ್ನಾಗಿ ಇದನ್ನು ತೋರಿಸುವ ಪ್ರಾಣಿ ಇನ್ನೊಂದಿಲ್ಲ. 1976ರಲ್ಲಿ ಗ್ರೆಮ್ಲಿನ್ ಕಂಪನಿ ಮಾಡಿದ ಬ್ಲಾಕೇಡ್ ಎಂಬ ಆರ್ಕೇಡ್ ಗೇಮಿನಲ್ಲಿ ಹಾವಿರಲಿಲ್ಲ. ಇಬ್ಬರು ಆಟಗಾರರು ಹೋದಲ್ಲೆಲ್ಲ ಹಿಂದೆ ಗೋಡೆ ಬಿಟ್ಟುಕೊಂಡು ಹೋಗುತ್ತಾರೆ, ಗೋಡೆಗೆ ಮೊದಲು ಬಡಿದವರು ಸೋಲುತ್ತಾರೆ, ಅಷ್ಟೇ. ಮುಂದೆ ಆ ಸಾಲಿಗೆ ಒಂದು ತಲೆ, ಒಂದು ಬಾಲ, ತಿನ್ನಲು ಒಂದು ಚುಕ್ಕೆ ಸಿಕ್ಕಿದಾಗ ಅದು ಹಾವಾಯಿತು. 1997ರಲ್ಲಿ ತನೆಲಿ ಅರ್ಮಾಂಟೊ ಅದನ್ನು ನೋಕಿಯಾ 6110ಕ್ಕೆ ಬರೆದರು. ಆಮೇಲೆ 3310, 1100ಗಳ ಕಾಲದಲ್ಲಿ ನಮ್ಮೂರುಗಳ ಬಸ್ಸು, ಅಂಗಡಿಕಟ್ಟೆ, ಹಾಸ್ಟೆಲ್ ಎಲ್ಲ ಕಡೆ ‘ಹಾವಿನ ಗೇಮ್’ ಎಂದೇ ಅದು ಮನೆಮಾತಾಯಿತು.

6110ರ ಪರದೆ 84ಕ್ಕೆ 48 ಪಿಕ್ಸೆಲ್. ಒಂದು ಮನೆ 4 ಪಿಕ್ಸೆಲ್ ಚೌಕ ಎಂದಿಟ್ಟುಕೊಂಡರೆ ಅಡ್ಡಕ್ಕೆ 21, ಉದ್ದಕ್ಕೆ 12, ಒಟ್ಟು 252 ಮನೆ. ಹಾವು ಎಷ್ಟೇ ಉದ್ದವಿದ್ದರೂ ಪ್ರತಿ ಹೆಜ್ಜೆಗೆ ಮುಂದೆ ಒಂದು ಮನೆ ಬಣ್ಣ ತುಂಬಬೇಕು, ಹಿಂದೆ ಒಂದು ಮನೆ ಅಳಿಸಬೇಕು. ಎರಡೇ ಕೆಲಸ. ತಿಂದ ಹೆಜ್ಜೆಯಲ್ಲಿ ಬಾಲ ಅಳಿಸುವುದನ್ನು ಬಿಟ್ಟರೆ ಹಾವು ತಾನಾಗಿ ಒಂದು ಮನೆ ಬೆಳೆಯುತ್ತದೆ. ಪ್ರೋಗ್ರಾಂ ಬರೆಯುವವರು ಇದನ್ನು ಕ್ಯೂ ಅನ್ನುತ್ತಾರೆ, ರೇಷನ್ ಅಂಗಡಿಯ ಮುಂದಿನ ಸಾಲಿನ ಹಾಗೆ ಒಂದು ಕಡೆ ಸೇರುವುದು, ಇನ್ನೊಂದು ಕಡೆ ಹೊರಬೀಳುವುದು. ಕ್ಯೂವಿಗೆ ಮೈ ಕೊಟ್ಟರೆ ಅದು ಹಾವೇ ಆಗುತ್ತದೆ. ಅಷ್ಟು ಸಣ್ಣ ಪ್ರೊಸೆಸರಿನಲ್ಲಿ ಓಡಿದ್ದಕ್ಕೆ ಕಾರಣವೂ ಇದೇ.

ಸುಲಭ ಎಂದು ಕೂತವರು ಎಡವುವ ಜಾಗಗಳು ಮೂರಿವೆ. ಹಾವು ಬಲಕ್ಕೆ ಹೋಗುತ್ತಿದೆ, ಆಟಗಾರ ಒಂದೇ ಹೆಜ್ಜೆಯ ಅವಧಿಯಲ್ಲಿ ಬೇಗ ಬೇಗ ಮೇಲೆ, ಎಡ ಎರಡೂ ಒತ್ತುತ್ತಾನೆ. ‘ನೇರ ಹಿಂದಕ್ಕೆ ತಿರುಗಬಾರದು’ ಎಂಬ ತಪಾಸಣೆಯನ್ನು ಕೊನೆಯ ಬಟನ್ನಿನ ಜೊತೆ ಹೋಲಿಸಿ ಬರೆದಿದ್ದರೆ, ಮೇಲಾದ ಮೇಲೆ ಎಡ ಸರಿಯೆಂದು ಒಪ್ಪಿಬಿಡುತ್ತದೆ. ಆದರೆ ಹಾವು ಇನ್ನೂ ಮೇಲಕ್ಕೆ ಸರಿದೇ ಇಲ್ಲ, ತನ್ನ ಕತ್ತನ್ನೇ ಕಚ್ಚಿ ಸಾಯುತ್ತದೆ. ಹೋಲಿಸಬೇಕಾದದ್ದು ಹಿಂದಿನ ಹೆಜ್ಜೆಯಲ್ಲಿ ನಿಜವಾಗಿ ಸರಿದ ದಿಕ್ಕಿನ ಜೊತೆ. ಎರಡು ಬಟನ್‌ಗಳನ್ನು ಸಾಲಾಗಿ ಕಾಯ್ದಿಟ್ಟು ಹೆಜ್ಜೆಗೊಂದರಂತೆ ಬಳಸಿದರೆ ಇನ್ನೂ ಒಳ್ಳೆಯದು, ಬೆರಳಿನ ಚುರುಕಿಗೆ ಬೆಲೆ ಸಿಗುತ್ತದೆ. ಎರಡನೆಯದು, ತಲೆ ಹೋಗಬೇಕಾದ ಮನೆಯಲ್ಲಿ ಈಗ ಬಾಲದ ತುದಿ ಇದ್ದರೆ ಏನು? ಅದೇ ಹೆಜ್ಜೆಯಲ್ಲಿ ಬಾಲ ಅಲ್ಲಿಂದ ಸರಿಯುತ್ತದೆ, ಹಾಗಾಗಿ ಸಾಯಬಾರದು. ಬಾಲ ತೆಗೆಯುವ ಮೊದಲೇ ಡಿಕ್ಕಿ ನೋಡಿದರೆ ಅನ್ಯಾಯದ ಸಾವು. ಮೂರನೆಯದು ಆಹಾರ ಇಡುವುದು. ಖಾಲಿ ಮನೆ ಸಿಗುವವರೆಗೆ ಕಣ್ಣುಮುಚ್ಚಿ ಆರಿಸುತ್ತಾ ಹೋದರೆ, 252ರಲ್ಲಿ 245 ಮನೆ ಹಾವೇ ತುಂಬಿಕೊಂಡಿರುವಾಗ ಗೇಮ್ ತಡವರಿಸುತ್ತದೆ. ಖಾಲಿ ಮನೆಗಳ ಪಟ್ಟಿಯಿಂದಲೇ ಆರಿಸಬೇಕು.

ಇದಕ್ಕೆ ವಿರುದ್ಧದ ಉದಾಹರಣೆಯೂ ಉಂಟು. 2009ರ ಆ್ಯಂಗ್ರಿ ಬರ್ಡ್ಸ್‌ನಲ್ಲಿ ಮೊದಲು ಬಂದದ್ದು ಚಿತ್ರ. ರೋವಿಯೊ ಕಂಪನಿಯ ಯಾಕೊ ಈಸಲೊ ಕಾಲಿಲ್ಲದ, ರೆಕ್ಕೆಯಿಲ್ಲದ, ಹುಬ್ಬು ಗಂಟಿಕ್ಕಿದ ಹಕ್ಕಿಗಳನ್ನು ಬರೆದು ತೋರಿಸಿದರು. ಆಟದ ನಿಯಮ ಆಮೇಲೆ ಹುಡುಕಿದ್ದು. ಆದರೂ ಅಲ್ಲಿ ನಿಂತದ್ದು ಯಾವುದು ನೋಡಿ: ಕಾಲು ರೆಕ್ಕೆಗಳಿಲ್ಲದ ಹಕ್ಕಿ ಒಂದು ಕಲ್ಲು, ಕವಣೆಗೆ ಇಡಲು ಹೇಳಿ ಮಾಡಿಸಿದ್ದು.

ಇನ್ನು ಹಳೆಯ ಯಂತ್ರಗಳ ಬಡತನದ ಮಾತು. ನಿಂಟೆಂಡೊ ಫ್ಯಾಮಿಕಾಮ್ ಎಂಬ ಟಿವಿ ಗೇಮ್ ಯಂತ್ರದಲ್ಲಿ ಚಿತ್ರದ ಒಂದು ತುಂಡು 8ಕ್ಕೆ 8 ಪಿಕ್ಸೆಲ್, ಅದಕ್ಕೆ 16 ಬೈಟ್. 1985ರ ಸೂಪರ್ ಮಾರಿಯೊ ಬ್ರದರ್ಸ್ ಪೂರ್ತಿ 40 ಕಿಲೋಬೈಟ್, ಅದರಲ್ಲಿ ಚಿತ್ರಗಳಿಗೆ 8. ಅದರ ಅರ್ಧ ಹಿನ್ನೆಲೆಗೆ ಹೋದರೆ ಪಾತ್ರಗಳಿಗೆಲ್ಲ ಸೇರಿ ಉಳಿಯುವುದು 256 ತುಂಡು. ಈಗ ಒಂದು ನಾಯಿಯನ್ನು ಓಡಿಸಬೇಕು ಅಂದುಕೊಳ್ಳಿ. 32 ಪಿಕ್ಸೆಲ್ ಅಗಲ, 16 ಎತ್ತರ ಅಂದರೆ 8 ತುಂಡು. ನಾಲ್ಕು ಕಾಲಿನ ನಡಿಗೆಗೆ ಕನಿಷ್ಠ 4 ಚಿತ್ರ ಬೇಕು, 32 ತುಂಡು. ಒಂದು ನಾಯಿಗೆ ಇಡೀ ಉಗ್ರಾಣದ ಎಂಟನೇ ಒಂದು ಪಾಲು. ಅದೂ ಸಾಲದೆಂಬಂತೆ ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಸ್ಪ್ರೈಟ್ (ಚಲಿಸುವ ಪಾತ್ರಗಳ ತುಂಡು) ತೋರಿಸಲು ಆ ಯಂತ್ರಕ್ಕೆ ಆಗುವುದಿಲ್ಲ. ಎರಡು ನಾಯಿಗೆ ನಾಲ್ಕು ನಾಲ್ಕು, ಮಾರಿಯೊಗೆ ಎರಡು, ಹತ್ತಾಯಿತು. ಎರಡು ತುಂಡು ಮಾಯವಾಗುತ್ತವೆ, ಇಲ್ಲವೇ ಸರದಿಯಲ್ಲಿ ಮಿನುಗುತ್ತವೆ. ಆಮೆ, ಬಾವಲಿ, ಮೀನು, ಕಪ್ಪೆ ಇವೆಲ್ಲ 16 ಪಿಕ್ಸೆಲ್ ಅಗಲದಲ್ಲಿ ಮುಗಿಯುತ್ತವೆ. ಎಂಬತ್ತರ ದಶಕದ ಗೇಮುಗಳ ತುಂಬ ಅವೇ ಯಾಕೆ ಎಂಬುದಕ್ಕೆ ಈ ಗುಣಾಕಾರ ಸಾಕು.

ಆಮೆಗೆ ಅಗಲದ ಜೊತೆ ಇನ್ನೊಂದು ಗುಣವಿತ್ತು. 1983ರ ಮಾರಿಯೊ ಬ್ರದರ್ಸ್‌ನಲ್ಲಿ ಕೆಳಗಿನಿಂದ ಗುದ್ದಿದರೆ ಆಮೆ ಅಂಗಾತ ಬೀಳುತ್ತದೆ, ಆಗ ಹೋಗಿ ಒದೆಯಬಹುದು. ಅಂಗಾತ ಬಿದ್ದ ಆಮೆಯ ಪಾಡು ಎಲ್ಲರಿಗೂ ಗೊತ್ತಿರುವುದರಿಂದ ವಿವರಣೆ ಬೇಕಾಗಲಿಲ್ಲ. ಎರಡು ವರ್ಷದ ಮೇಲೆ ಸೂಪರ್ ಮಾರಿಯೊ ಬ್ರದರ್ಸ್‌ನಲ್ಲಿ ಅದೇ ಆಮೆ, ಮೇಲೆ ಹಾರಿದರೆ ಚಿಪ್ಪಿನೊಳಗೆ ಸೇರಿಕೊಳ್ಳುತ್ತದೆ, ಒದ್ದರೆ ಚಿಪ್ಪು ಜಾರುತ್ತ ಹೋಗಿ ಉಳಿದ ಶತ್ರುಗಳನ್ನು ಕೆಡವುತ್ತದೆ, ಅಡ್ಡ ಸಿಕ್ಕಿದ್ದಕ್ಕೆ ಬಡಿದು ವಾಪಸ್ ಬಂದು ಒದ್ದವನನ್ನೇ ಹೊಡೆಯುತ್ತದೆ. ನಡೆಯುವುದು, ಸುಮ್ಮನಿರುವುದು, ಆಯುಧವಾಗುವುದು ಎಂಬ ಮೂರು ಸ್ಥಿತಿಗೆ ಒಂದೇ ಪ್ರಾಣಿ. ಆದರೆ ಮೊದಲ ಸಲ ಆಡುವವರಿಗೆ ಇದು ಭಾರವಾಗುತ್ತದೆ ಎಂದು ಕಂಡಾಗ, ತಯಾರಿಯ ಕೊನೆಯಲ್ಲಿ ಗೂಂಬಾ ಎಂಬ ಸುಲಭದ ಶತ್ರುವನ್ನು ಸೇರಿಸಿದರು. ಅಷ್ಟು ಹೊತ್ತಿಗೆ ಜಾಗ ಮುಗಿದಿತ್ತು. ಒಂದೇ ಚಿತ್ರವನ್ನು ಕನ್ನಡಿಯಲ್ಲಿ ತಿರುಗಿಸಿದಂತೆ ಎಡ ಬಲ ಮಾಡಿ ನಡೆಸಿದರು.

ಬಾವಲಿಯ ಅಗ್ಗ ಇನ್ನೊಂದು ಬಗೆಯದು. ಅಡ್ಡಕ್ಕೆ ಒಂದೇ ವೇಗ, ಎತ್ತರಕ್ಕೆ ಒಂದು ಸೈನ್ ಅಲೆ, ರೆಕ್ಕೆಗೆ ಎರಡು ಚಿತ್ರ. ನೆಲ ಎಲ್ಲಿದೆ, ಇಳಿಜಾರು ಎಷ್ಟು, ಅಂಚಿನಿಂದ ಬಿದ್ದರೆ ಏನು ಎಂಬ ಯಾವ ಪ್ರಶ್ನೆಯೂ ಇಲ್ಲ.

ಪರದೆಯ ಮಿತಿ ಮೈಯ ಆಕಾರವನ್ನೇ ತಿದ್ದಿದ್ದನ್ನು ನೋಡಬೇಕಾದರೆ 1996ರ ಕ್ರ್ಯಾಶ್ ಬ್ಯಾಂಡಿಕೂಟ್‌ಗೆ ಬರಬೇಕು. ಈ ಹೆಸರು ನಮಗೆ ದೂರದ್ದಲ್ಲ. ತೆಲುಗಿನ ‘ಪಂದಿಕೊಕ್ಕು’, ಹಂದಿಯಂಥ ಇಲಿ, ಅಂದರೆ ನಮ್ಮ ಹೆಗ್ಗಣ. ಇಂಗ್ಲಿಷರ ಬಾಯಲ್ಲಿ ಅದು ಬ್ಯಾಂಡಿಕೂಟ್ ಆಯಿತು, ಆಮೇಲೆ ಆಸ್ಟ್ರೇಲಿಯಾದ ಹೊಟ್ಟೆಚೀಲದ ಬೇರೆಯೇ ಪ್ರಾಣಿಗೆ ಅಂಟಿಕೊಂಡಿತು. ಗೇಮ್ ಮಾಡಿದ ನಾಟಿ ಡಾಗ್ ತಂಡಕ್ಕೆ ಬೇಕಿದ್ದದ್ದು ಜನರಿಗೆ ಹೆಚ್ಚು ಪರಿಚಯವಿಲ್ಲದ, ಆದರೆ ಹೆಸರು ಕೇಳಿದರೆ ನೆನಪಿನಲ್ಲಿ ಉಳಿಯುವ ಪ್ರಾಣಿ. ಮೊದಲು ಆಸ್ಟ್ರೇಲಿಯಾದ್ದೇ ಇನ್ನೊಂದು ಪ್ರಾಣಿ ವೊಂಬ್ಯಾಟ್ ಎಂದುಕೊಂಡು ಶುರು ಮಾಡಿ ಬ್ಯಾಂಡಿಕೂಟ್‌ಗೆ ಬಂದು ನಿಂತರು.

ಆ ಗೇಮು 512ಕ್ಕೆ 240 ಪಿಕ್ಸೆಲ್‌ನಲ್ಲಿ ಓಡುತ್ತಿತ್ತು, ಕ್ರ್ಯಾಶ್‌ನ ಇಡೀ ಮೈ 512 ಪಾಲಿಗನ್ (3ಡಿ ಮೈಯನ್ನು ಕಟ್ಟುವ ಚಪ್ಪಟೆ ತುಂಡುಗಳು). ಇಷ್ಟರಲ್ಲಿ ಮುಖದ ಭಾವ ಕಾಣಬೇಕೆಂದರೆ ತಲೆ ದೊಡ್ಡದಾಗಬೇಕು, ಆದ್ದರಿಂದ ಕತ್ತನ್ನೇ ತೆಗೆದು ತಲೆಯನ್ನು ಮೈಯೊಳಗೆ ಕೂರಿಸಿದರು. ಹೆಚ್ಚು ಹೊತ್ತು ಆಡುವವರಿಗೆ ಕಾಣುವುದು ಅವನ ಬೆನ್ನು. ಬೆನ್ನೋ ಎದೆಯೋ ಎಂದು ಒಂದೇ ನೋಟಕ್ಕೆ ಗೊತ್ತಾಗಲೆಂದು ಎದೆಗೆ ತಿಳಿ ಬಣ್ಣ, ಬೆನ್ನಿಗೆ ಕಲೆಗಳು. ಕೈ ಎಲ್ಲಿದೆ ಎಂದು ಕಾಣಲು ಕೈಗವಸು. ಕಿತ್ತಳೆ ಬಣ್ಣ ಬಂದದ್ದು ಹಸಿರು ಕಾಡಿನ ಎದುರು ಎದ್ದು ಕಾಣಲೆಂದು. ಆ ಬಣ್ಣಕ್ಕಾಗಿ ಬೆಲೆಯನ್ನೂ ತೆತ್ತರು, ಕಿತ್ತಳೆಯ ಮೇಲೆ ಕಿತ್ತಳೆ ಕಳೆದುಹೋಗುತ್ತದೆಂದು ಅಂಥ ಗೇಮುಗಳಲ್ಲಿ ಮಾಮೂಲಿಯಾಗಿದ್ದ ಲಾವಾ ಹಂತಗಳನ್ನೇ ಇಡಲಿಲ್ಲ. ಬಾಲವಿಲ್ಲದ, ಕತ್ತಿಲ್ಲದ, ಶೂ ಹಾಕಿದ ಅವನನ್ನು ನೋಡಿ ಪ್ರಾಣಿಶಾಸ್ತ್ರ ಕಲಿಯಲು ಆಗದು. ಆದರೆ ಸಣ್ಣ ಪರದೆಗೆ ಒಂದು ಮೈಯನ್ನು ಹೇಗೆ ಕಡೆಯಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ.

ಸೋನಿಕ್, ಕ್ರ್ಯಾಶ್ ಇಬ್ಬರೂ ಎರಡು ಕಾಲಿನ ಮೇಲೆ ನಿಂತಿರುವುದು ಗಮನಕ್ಕೆ ಬಂದಿರಬಹುದು. ನಾಲ್ಕು ಕಾಲಿನ ಪ್ರಾಣಿಯನ್ನು ಆಟಗಾರನ ಕೈಗೆ ಕೊಡುವುದು ಇವತ್ತಿಗೂ ಕಷ್ಟದ ಕೆಲಸ. 3ಡಿ ಗೇಮುಗಳಲ್ಲಿ ಪಾತ್ರದ ಸುತ್ತ ಸಾಮಾನ್ಯವಾಗಿ ಕಾಣದ ಒಂದು ಕ್ಯಾಪ್ಸೂಲ್ ಇರುತ್ತದೆ, ನಿಂತ ಮಾತ್ರೆಯ ಆಕಾರ. ಮನುಷ್ಯನಿಗೆ ಅದು ಸರಿ. 2.4 ಮೀಟರ್ ಉದ್ದದ ಕುದುರೆಗೆ ಅದನ್ನೇ ಹಾಕಿದರೆ ತಲೆಯೂ ಪೃಷ್ಠವೂ ಹೊರಗೆ ಉಳಿದು ಗೋಡೆಯೊಳಗೆ ತೂರುತ್ತವೆ. ಕ್ಯಾಪ್ಸೂಲನ್ನು ಮಲಗಿಸಿದರೆ ಓಣಿಯಲ್ಲಿ ತಿರುಗುವಾಗ ಎರಡೂ ಕಡೆ ಸಿಕ್ಕಿಕೊಂಡು ಅಲುಗಾಡದೆ ನಿಲ್ಲುತ್ತದೆ. ಒಗ್ಗಿದ ದಾರಿ ಎಂದರೆ ನಡುವಿನಲ್ಲಿ ನಿಂತ ಕ್ಯಾಪ್ಸೂಲನ್ನೇ ಇಟ್ಟು, ತಲೆಯ ಬಳಿ ಒಂದು ಗೋಳ ಸೇರಿಸಿ, ತಿರುಗುವಾಗ ಬೆನ್ನೆಲುಬನ್ನು ಬಗ್ಗಿಸುವುದು. ಮುಂಗಾಲು ಹಿಂಗಾಲುಗಳ ಜಾಗದಿಂದ ನೆಲ ಎಷ್ಟು ಕೆಳಗಿದೆ ಎಂದು ಅಳೆಯುವ ಎರಡು ಕಾಣದ ಕಿರಣ ಬಿಟ್ಟು, ಎರಡರ ಎತ್ತರದ ವ್ಯತ್ಯಾಸಕ್ಕೆ ತಕ್ಕಂತೆ ಮೈಯನ್ನು ಓರೆ ಮಾಡಿ, ಆಮೇಲೆ ಪ್ರತಿ ಪಾದವನ್ನು ಬೇರೆ ಬೇರೆಯಾಗಿ ನೆಲಕ್ಕೆ ಕೂರಿಸಬೇಕು.

ಅದಾದ ಮೇಲೂ ಪಾದ ಜಾರುತ್ತದೆ. ಕುದುರೆಯ ದುಡುಕಿನ ಓಟದ (ಇಂಗ್ಲಿಷಿನ ಟ್ರಾಟ್) ಒಂದು ಸುತ್ತು 0.6 ಸೆಕೆಂಡು, ಅಷ್ಟರಲ್ಲಿ ಚಿತ್ರದ ಕಾಲು ಹಾಕುವ ಹೆಜ್ಜೆ 1.8 ಮೀಟರ್ ಎಂದರೆ ಚಲನೆಯ ನಿಜ ವೇಗ ಸೆಕೆಂಡಿಗೆ 3 ಮೀಟರ್. ಕೋಡ್ ಅದನ್ನು 4ರಲ್ಲಿ ದೂಡಿದರೆ ಪ್ರತಿ ಸುತ್ತಿಗೆ 60 ಸೆಂಟಿಮೀಟರ್ ಮಂಜುಗಡ್ಡೆಯ ಮೇಲೆ ಜಾರಿದಂತೆ ಕಾಣುತ್ತದೆ. ನಡಿಗೆಯನ್ನೂ ಓಟವನ್ನೂ ಅರ್ಧರ್ಧ ಬೆರೆಸಿ ನಡುವಿನ ವೇಗ ಮಾಡುತ್ತೇವೆ ಎನ್ನುವವರು ಇನ್ನೂ ದೊಡ್ಡ ಗುಂಡಿಗೆ ಬೀಳುತ್ತಾರೆ. ಕುದುರೆ ನಡೆಯುವಾಗ ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು ಎಂದು ನಾಲ್ಕು ತಾಳ. ದುಡುಕಿನ ಓಟದಲ್ಲಿ ಕರ್ಣದ ಎರಡೆರಡು ಕಾಲು ಒಟ್ಟಿಗೆ, ಎರಡೇ ತಾಳ. ಇವೆರಡನ್ನು ಬೆರೆಸಿದರೆ ಬರುವುದು ಕುಂಟು. ನಡುವಿನ ವೇಗದಲ್ಲಿ ನಿಲ್ಲಲು ಬಿಡದೆ, ಕಾಲು ನೆಲ ಬಿಟ್ಟ ಕ್ಷಣ ನೋಡಿಕೊಂಡು ಒಂದರಿಂದ ಇನ್ನೊಂದಕ್ಕೆ ಬೇಗ ದಾಟಿಸಬೇಕು.

ಫುಮಿತೊ ಉಎದಾ ಅವರ ಶ್ಯಾಡೋ ಆಫ್ ದ ಕೊಲೋಸಸ್ (2005) ಈ ಕಷ್ಟವನ್ನೇ ಗುಣವಾಗಿ ಮಾಡಿಕೊಂಡಿತು. ಅಲ್ಲಿ ಆಗ್ರೊ ಎಂಬ ಕುದುರೆ ಬಟನ್ ಒತ್ತಿದ ಕೂಡಲೇ ತಿರುಗುವುದಿಲ್ಲ. ನೀವು ನಡೆಸುತ್ತಿರುವುದು ಸವಾರನನ್ನು, ಸವಾರ ಕೇಳಿಕೊಳ್ಳುವುದು ಕುದುರೆಯನ್ನು. ಇಕ್ಕಟ್ಟಿನ ದಾರಿಯಲ್ಲಿ ಅದು ತಾನೇ ದಾರಿ ನೋಡಿಕೊಳ್ಳುತ್ತದೆ. ಕೆಲವರಿಗೆ ಇದು ಕಿರಿಕಿರಿ. ನಮ್ಮ ದೃಷ್ಟಿಯಲ್ಲಿ ಗೇಮಿನ ಕುದುರೆಗಳಲ್ಲಿ ಮನಸ್ಸು ಇರುವಂತೆ ಕಂಡ ಮೊದಲಿನವುಗಳಲ್ಲಿ ಅದೂ ಒಂದು. ಫ್ರಾನ್ಸಿನ ಬ್ಲೂಟ್ವೆಲ್ವ್ ಸ್ಟುಡಿಯೋದ ಸ್ಟ್ರೇ (2022) ಬೆಕ್ಕನ್ನು ಪೂರ್ತಿ ನಾಲ್ಕು ಕಾಲಿನ ಮೇಲೆ ನಡೆಸಿ ಗೆದ್ದಿತು, ಆದರೆ ನೆಗೆತವನ್ನು ಆಟಗಾರನ ಕೈಗೆ ಬಿಡಲಿಲ್ಲ. ಗುರುತು ಕಂಡಲ್ಲಿ ಮಾತ್ರ ಬಟನ್ ಒತ್ತಬಹುದು, ಉಳಿದದ್ದನ್ನು ಬೆಕ್ಕು ನೋಡಿಕೊಳ್ಳುತ್ತದೆ. ನೆಗೆತದಲ್ಲಿ ಹತ್ತು ಸಲ ತಪ್ಪಿ ಬೀಳುವುದು ಬೆಕ್ಕಿನಂತೆ ಕಾಣುವುದಿಲ್ಲ.

ಶತ್ರುಗಳ ಕಡೆ ಬಂದರೆ ಇಲಿಯ ಗಾತ್ರ ನೋಡಿ. ಗೇಮಿನ ನೆಲಮಾಳಿಗೆಯಲ್ಲಿ ಮೊದಲು ಸಿಗುವ ಇಲಿ ನಾಯಿಯಷ್ಟಿರುತ್ತದೆ. ಕಾರಣ ಕ್ಯಾಮೆರಾದಲ್ಲಿದೆ. ಕಣ್ಣಿನ ಎತ್ತರ 1.6 ಮೀಟರ್, ನೋಟದ ಲಂಬ ಕೋನ 60 ಡಿಗ್ರಿ ಎಂದಿಟ್ಟುಕೊಂಡರೆ ನೇರ ನೋಡುವಾಗ ಕೆಳಕ್ಕೆ ಕಾಣುವುದು 30 ಡಿಗ್ರಿ. ನೆಲದ ಮೇಲಿನ ಇಲಿ ಸುಮಾರು 2.8 ಮೀಟರ್ ಹತ್ತಿರ ಬಂದೊಡನೆ ಪರದೆಯ ಕೆಳಗಿನ ಅಂಚಿನಿಂದ ಜಾರಿಹೋಗುತ್ತದೆ. ಕತ್ತಿ ಅಷ್ಟು ದೂರ ಎಟಕುವುದಿಲ್ಲ. ಆಟಗಾರ ನೆಲ ನೋಡಿಕೊಂಡು ಸುತ್ತುತ್ತಾನೆ. ತೋಳದ ಬೆನ್ನು 80 ಸೆಂಟಿಮೀಟರ್ ಎತ್ತರದಲ್ಲಿರುವುದರಿಂದ 1.4 ಮೀಟರ್‌ವರೆಗೂ ಕಾಣುತ್ತಿರುತ್ತದೆ. ತೋಳ ಗೇಮುಗಳಲ್ಲಿ ಇಷ್ಟು ಬಳಕೆಯಾಗಲು ಅದೂ ಒಂದು ಕಾರಣ. ಇನ್ನೊಂದು, ಹಿಂಡು. ಐದು ತೋಳ ಸುತ್ತುವರಿದರೂ ಒಮ್ಮೆಗೆ ಒಂದೆರಡಕ್ಕೆ ಮಾತ್ರ ಎರಗುವ ಅಪ್ಪಣೆ ಕೊಡುತ್ತಾರೆ, ಉಳಿದವು ಸುತ್ತು ಹಾಕುತ್ತ ಗುರುಗುಡುತ್ತವೆ. ಮನುಷ್ಯ ಶತ್ರುಗಳು ಹೀಗೆ ಸರದಿ ಕಾದರೆ ನಾಟಕ ಅನ್ನಿಸುತ್ತದೆ, ತೋಳ ಕಾದರೆ ಹೊಂಚು ಅನ್ನಿಸುತ್ತದೆ.

ನಾಯಿ ಜೊತೆಗಾರನಾಗಿ ಬರುತ್ತದೆ. ಅದರ ಮುಖ್ಯ ತೊಂದರೆ ಬಾಗಿಲು: ನಾಯಿ ಬಾಗಿಲಲ್ಲಿ ನಿಂತರೆ ಆಟಗಾರ ಕೋಣೆಯಲ್ಲೇ ಬಂದಿ. ಆಟಗಾರನಿಗೂ ನಾಯಿಗೂ ಡಿಕ್ಕಿಯೇ ಆಗದಂತೆ ಮಾಡಬೇಕು, ಇಲ್ಲವೇ ಹತ್ತಿರ ಬಂದೊಡನೆ ನಾಯಿ ಪಕ್ಕಕ್ಕೆ ಸರಿಯಬೇಕು. ಹಿಂದೆ ಬಂದರೆ ಕಾಣುವುದೇ ಇಲ್ಲ, ಹಾಗಾಗಿ ಅರ್ಧ ಹೊತ್ತಾದರೂ ಮುಂದೆ ಓಡಬೇಕು. ಫಾಲ್‌ಔಟ್ 4ರ (2015) ಡಾಗ್‌ಮೀಟ್ ಎಂಬ ನಾಯಿ ಪೆಟ್ಟು ತಿಂದರೆ ಕುಸಿಯುತ್ತದೆ, ಸಾಯುವುದಿಲ್ಲ. ಅದು ಸರಿಯಾದ ತೀರ್ಮಾನ. ಜೇಡದ ವಿಷಯದಲ್ಲಿ ಗ್ರೌಂಡೆಡ್ ಗೇಮಿನವರು ಇನ್ನೊಂದು ಒಳ್ಳೆಯ ಕೆಲಸ ಮಾಡಿದರು. ಜೇಡದ ಭಯ ಇರುವವರಿಗಾಗಿ ಒಂದು ಸ್ಲೈಡರ್ ಇಟ್ಟಿದ್ದಾರೆ, ಎಳೆದಂತೆ ಕಾಲುಗಳು ಮಾಯವಾಗುತ್ತ ಕೊನೆಗೆ ತೇಲುವ ಉಂಡೆಗಳಷ್ಟೇ ಉಳಿಯುತ್ತವೆ.

ಹಾಗಾದರೆ ಆನೆ ಯಾಕೆ ನಾಯಕನಾಗಿ ಅಪರೂಪ? ಅದು ನೆಗೆಯಲಾರದು, ವೇಗವಾಗಿ ಹೋಗುವಾಗಲೂ ಒಂದು ಕಾಲಾದರೂ ನೆಲದಲ್ಲಿರುತ್ತದೆ. ಸೊಂಡಿಲಿನಲ್ಲಿ ಎಲುಬಿಲ್ಲ, ಆದರೆ ಗೇಮಿನಲ್ಲಿ ಮೈಯನ್ನು ಬಗ್ಗಿಸುವುದು ಒಳಗೆ ಕಟ್ಟಿದ ಕೃತಕ ಎಲುಬುಗಳಾದ್ದರಿಂದ ಸೊಂಡಿಲಿಗೆ ಹತ್ತಾರು ಎಲುಬುಗಳ ಸರಪಳಿ ಹಾಕಬೇಕು. ತಿರುಚುವ ಭಾರವನ್ನು ಎಲ್ಲಕ್ಕೂ ಹಂಚದಿದ್ದರೆ ಚಾಕಲೇಟ್ ಕಾಗದ ಹಿಂಡಿದಂತೆ ನಡುವೆ ಸೊರಗುತ್ತದೆ. ಮನೆಯೊಳಗೆ ಹೋದರೆ ಕ್ಯಾಮೆರಾಕ್ಕೆ ಹಿಂದೆ ಸರಿಯಲು ಜಾಗವೇ ಇಲ್ಲ. ಹಾಗಾಗಿ 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಧಾಲ್ಸಿಮ್ ಎಂಬ ಭಾರತೀಯ ಯೋಗಿಯ ಹಿನ್ನೆಲೆಯಲ್ಲಿ ನಿಂತಿತು, ಏಜ್ ಆಫ್ ಎಂಪೈರ್ಸ್ 2ರಲ್ಲಿ (1999) 450 ಅಂಕದ ಆಯುಸ್ಸು ಹೊತ್ತು ನಿಧಾನವಾಗಿ ನಡೆಯಿತು, ಫಾರ್ ಕ್ರೈ 4ರಲ್ಲಿ (2014) ಸವಾರಿಗೆ ಸಿಕ್ಕಿತು. ಆಗ್ರೊ ಹಿಡಿದ ದಾರಿ ಆನೆಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಮಾವುತ ಕಿವಿಯ ಹಿಂದೆ ಕಾಲ್ಬೆರಳಿನಿಂದ ಒತ್ತಿ ಸೂಚನೆ ಕೊಡುತ್ತಾನೆ. ಕೈಯಲ್ಲಿರುವ ಕಂಟ್ರೋಲರಿನ ಎಡ ಬಲದ ಎರಡು ಟ್ರಿಗರ್‌ಗಳು ಆ ಎರಡು ಪಾದಗಳಾಗಬಹುದು.

ಚಿಪ್ಪುಹಂದಿಯಂತೂ ಗೇಮಿಗೆಂದೇ ಹುಟ್ಟಿದ ಹಾಗಿದೆ. ನಮ್ಮ ಕಾಡುಗಳಲ್ಲಿರುವುದು ಹೆಚ್ಚಾಗಿ ನಾಲ್ಕು ಕಾಲಿನ ಮೇಲೆ ನಡೆಯುತ್ತದೆ, ಆದರೆ ಆಫ್ರಿಕಾದ ಒಂದು ಜಾತಿ ಎಷ್ಟೋ ಹೊತ್ತು ಹಿಂಗಾಲುಗಳ ಮೇಲೆಯೇ ನಡೆಯುತ್ತದೆ, ಉದ್ದ ಬಾಲ ಹಿಂದೆ ತೂಕ ಹಿಡಿಯುತ್ತದೆ. ನಿಂತಾಗ ಕಿರಿದಾದ ಬಾಕ್ಸ್, ಸುತ್ತಿಕೊಂಡಾಗ ವೃತ್ತ, ಉಗುರಿನಿಂದ ಹುತ್ತ ಅಗೆಯುವಾಗ ಮೂರನೆಯ ಸ್ಥಿತಿ, ದೂರ ಚಾಚುವ ನಾಲಿಗೆ ನಾಲ್ಕನೆಯದು. ಮಾಡಲು ಹೊರಟವರು ಎರಡು ಕಡೆ ಎಚ್ಚರ ವಹಿಸಬೇಕು. ಚಿಪ್ಪುಗಳನ್ನು ಚರ್ಮದ ಹಾಗೆ ಎಲುಬುಗಳ ನಡುವೆ ಹಂಚಿ ಕಟ್ಟಿದರೆ ಬಗ್ಗುವಾಗ ರಬ್ಬರಿನಂತೆ ಹಿಗ್ಗುತ್ತವೆ, ಒಂದೊಂದು ಸಾಲನ್ನು ಒಂದೊಂದೇ ಎಲುಬಿಗೆ ಬಿಗಿಯಾಗಿ ಕಟ್ಟಬೇಕು, ಆಗ ಹೆಂಚಿನಂತೆ ಒಂದರ ಮೇಲೊಂದು ಸರಿಯುತ್ತವೆ. ಇನ್ನೊಂದು, ಸುತ್ತಿಕೊಳ್ಳುವ ಕ್ರಮ. ಮೊದಲು ಮೂತಿ ಹೊಟ್ಟೆಗೆ, ಆಮೇಲೆ ಅದರ ಮೇಲೆ ಬಾಲ. ಬಿಚ್ಚುವಾಗ ಬಾಲ ಸಡಿಲವಾಗುವ ಮೊದಲು ಮೂತಿ ಹೊರಬಂದರೆ ಅದು ಬಾಲದೊಳಗಿನಿಂದಲೇ ತೂರಿಕೊಂಡು ಬರುತ್ತದೆ.